ಆಸ್ತಿ ತೆರಿಗೆಯ ಆನ್‌ಲೈನ್ ಪಾವತಿ: ಐದಕ್ಕೆ ಮೂರೂವರೆ

ಬೆಂಗಳೂರಿನಲ್ಲಿ ಆಸ್ತಿ ತೆರಿಗೆಯ ಸ್ವಯಂ ಘೋಷಣೆಯನ್ನು ಮನೆಯಿಂದಲೇ ಸಲ್ಲಿಸಿ ಹಣ ಕಟ್ಟಲು ಅವಕಾಶ ನೀಡುವ ಆನ್‌ಲೈನ್ ಸೇವೆಯು, ಚಲನ್ ಹಿಡಿದು ಸರತಿ ಸಾಲಿನಲ್ಲಿ ನಿಂತ ಕಾಲವನ್ನು ಬಲ್ಲವರಿಗೆ ನಿಸ್ಸಂದೇಹವಾಗಿ ಮೆಚ್ಚುಗೆಯಾಗುತ್ತದೆ. ಏಪ್ರಿಲ್‌ನಲ್ಲೇ ಇಡೀ ವರ್ಷದ ತೆರಿಗೆ ಕಟ್ಟಿದರೆ ದೊರೆಯುವ ಶೇಕಡಾ 5ರ ರಿಯಾಯಿತಿ, ಉಳಿತಾಯ ಖಾತೆಯ ಬಡ್ಡಿಗಿಂತ ವಾಸಿಯೇ. ಆದರೆ 2008ರಲ್ಲಿ ಬಂದ, ಚದರಡಿಗೆ ಇಷ್ಟೆಂದು ನಿಗದಿಯಾದ ದರದ ಮೇಲೆ ತೆರಿಗೆ ಲೆಕ್ಕ ಹಾಕುವ ಘಟಕ ವಿಸ್ತೀರ್ಣ ಮೌಲ್ಯ ಪದ್ಧತಿಯಲ್ಲಿ ವಲಯ, ಕಟ್ಟಡದ ಬಗೆ, ವಿಸ್ತೀರ್ಣ, ಸ್ವಂತ ವಾಸವೋ ಬಾಡಿಗೆಯೋ ಎಂಬುದೆಲ್ಲವನ್ನೂ ಮಾಲೀಕರೇ ಘೋಷಿಸಬೇಕಾದ್ದರಿಂದ, ಲೆಕ್ಕವನ್ನು ಬಿಡಿಸಿ ಹೇಳುವ ಕನ್ನಡ ಇನ್ನಷ್ಟು ಸರಳವಾಗಬೇಕು. ರಾಜ್ಯದಲ್ಲಿ 1979ರಲ್ಲಿ ಆಕ್ಟ್ರಾಯ್ (ಊರೊಳಗೆ ಬರುವ ಸರಕಿನ ಮೇಲಿನ ಸುಂಕ) ರದ್ದಾದ ಮೇಲೆ ನಗರಾಡಳಿತದ ಸ್ವಂತ ವರಮಾನಕ್ಕೆ ಈ ತೆರಿಗೆಯೇ ಮುಖ್ಯ ಆಧಾರ. ಮಹಡಿಯೊಂದನ್ನು ಮರೆಮಾಚಿದ ಪ್ರತಿ ಘೋಷಣೆಯೂ ಬಜೆಟ್ಟಿನ ಕೊರತೆಯನ್ನು ಅಷ್ಟರಮಟ್ಟಿಗೆ ಹಿಗ್ಗಿಸುವುದರಿಂದ, ಪಾವತಿಯಷ್ಟೇ ಚುರುಕಾದ ಪರಿಶೀಲನೆಯೂ ಬಂದಾಗ ಉಳಿದ ಅಂಕಗಳನ್ನು ಕೊಡುತ್ತೇನೆ.