ಪೆಲೆಟ್ ತೂಗಬೇಕೋ, ತೊಳೆಯಬೇಕೋ, ತಲೆಯ ಅಳತೆ ಹೊಂದಿಸಬೇಕೋ?

10 ಮೀಟರ್ ಏರ್ ರೈಫಲ್ ಟಾರ್ಗೆಟ್‌ನಲ್ಲಿ ಹತ್ತರ ಚುಕ್ಕೆಯ ಅಗಲ ಬರೀ 0.5 ಮಿ.ಮೀ., ಒಂಬತ್ತರ ವೃತ್ತ 5.5 ಮಿ.ಮೀ. ಅದಕ್ಕೆ ತಾಗಬೇಕಾದ ಪೆಲೆಟ್, ಅಂದರೆ ಏರ್ ರೈಫಲ್ಲಿನ ಸೀಸದ ಪುಟ್ಟ ಗುಂಡು, 4.5 ಮಿ.ಮೀ. ದಪ್ಪ. ಅಂಕ ದಶಾಂಶದಲ್ಲಿ ಲೆಕ್ಕವಾಗುವಾಗ ಪ್ರತಿ 0.1 ಅಂಕಕ್ಕೆ ಸಿಗುವ ಜಾಗ 0.25 ಮಿ.ಮೀ. ಮಾತ್ರ. ಹಾಗಾಗಿ ಡಬ್ಬಿಯಿಂದ ನೇರವಾಗಿ ಹಾಕಿ ಹೊಡೆಯುವುದಕ್ಕೂ ಆರಿಸಿ ಹೊಡೆಯುವುದಕ್ಕೂ ವ್ಯತ್ಯಾಸವಿದ್ದೇ ಇದೆ. ಆದರೆ ಯಾವ ಆಯ್ಕೆಗೆ ಎಷ್ಟು ಬೆಲೆ? ಬಳ್ಳಾರಿಯಲ್ಲಿ ಒಂದೇ ತಯಾರಿಕೆಯ 0.53 ಗ್ರಾಂ ಚಪ್ಪಟೆ ತಲೆಯ ಮ್ಯಾಚ್ ಪೆಲೆಟ್ಟನ್ನು ಒಂದು ಪಿಸಿಪಿ ರೈಫಲ್‌ನಲ್ಲಿ (ಸಿಲಿಂಡರಿನಲ್ಲಿ ಮೊದಲೇ ಒತ್ತಿ ತುಂಬಿದ ಗಾಳಿಯಿಂದ ಹೊಡೆಯುವುದು) ಹಾಕಿ, ಮೂರೂ ವಿಧಾನ ಅಕ್ಕಪಕ್ಕ ಇಟ್ಟು ನೋಡಿದ್ದು ಇಲ್ಲಿದೆ.

ಮೊದಲು ತಲೆಯ ಅಳತೆ, ಏಕೆಂದರೆ ಎಲ್ಲಕ್ಕಿಂತ ದೊಡ್ಡ ಫಲ ಬಂದದ್ದು ಇದರಿಂದಲೇ. ಒಂದೇ ಪೆಲೆಟ್ ತಲೆಯ, ಅಂದರೆ ಮುಂಭಾಗದ, ಅಗಲ 4.49, 4.50, 4.51 ಮಿ.ಮೀ. ಎಂದು ಬೇರೆ ಬೇರೆ ಡಬ್ಬಿಗಳಲ್ಲಿ ಸಿಗುತ್ತದೆ. ತಲೆ ಸಡಿಲವಾದರೆ ಪೆಲೆಟ್ ಬ್ಯಾರಲ್ಲಿನಲ್ಲಿ ನೆಟ್ಟಗೆ ಕೂರದೆ ಓಲಾಡುತ್ತದೆ. ಬಿಗಿಯಾದರೆ ರೈಫ್ಲಿಂಗ್ (ಬ್ಯಾರಲ್ಲಿನ ಒಳಗಿನ ಸುರುಳಿ ಗೀರು) ಸೀಸವನ್ನು ಅತಿಯಾಗಿ ಹಿಂಡುತ್ತದೆ, ಘರ್ಷಣೆ ಹೆಚ್ಚಿ ವೇಗ ಒಂದೇ ಸಮ ಇರುವುದಿಲ್ಲ. ನಮ್ಮ ಬ್ಯಾರಲ್ಲಿಗೆ ಒಪ್ಪಿದ್ದು 4.50. ಅದರ ಗುಂಪು, ಅಂದರೆ ಒಂದೇ ಗುರಿಗೆ ಸಾಲಾಗಿ ಹೊಡೆದ ಗುಂಡುಗಳ ತೂತು, ಒಂದೇ ತೂತಾಗಿ ಬಂತು, 4.49 ಸುತ್ತಲೂ ಚದುರಿತು, 4.51 ಮೇಲೆ ಕೆಳಗೆ ಎಳೆಯಿತು. ಪಕ್ಕದವರ ರೈಫಲ್ಲಿಗೆ 4.51 ಒಪ್ಪಬಹುದು. ಮಾಡೆಲ್ ಒಂದೇ ಆದರೂ ಬ್ಯಾರಲ್ ಬೇರೆ.

ಇದನ್ನು ಕ್ಯಾಲಿಪರ್ ಹಿಡಿದು ಅಳೆಯಲು ಹೋಗಬೇಡಿ. ಸಾಮಾನ್ಯ ಡಿಜಿಟಲ್ ಕ್ಯಾಲಿಪರ್‌ನ ತಪ್ಪೇ 0.02 ಮಿ.ಮೀ.ವರೆಗೆ ಇರುತ್ತದೆ, ನಾವು ಹುಡುಕುತ್ತಿರುವುದು 0.01. ಮೇಲಾಗಿ ಅದರ ದವಡೆ ಮೆತ್ತನೆಯ ಸೀಸವನ್ನು ಅಮುಕುತ್ತದೆ. ಹೊಡೆದೇ ನೋಡಬೇಕು. ಅಳತೆ ಬದಲಿಸಿದಾಗಲೆಲ್ಲ ಮೊದಲ ಐದು ಗುಂಡು ಲೆಕ್ಕಕ್ಕಿಲ್ಲ, ಬ್ಯಾರಲ್ ಹೊಸ ಪೆಲೆಟ್ಟಿಗೆ ಒಗ್ಗಲಿ. ಆಮೇಲೆ ಐದೈದು ಗುಂಡಿನ ನಾಲ್ಕು ಗುಂಪು. ಒಂದು ಅಳತೆಯ ನಾಲ್ಕೂ ಗುಂಪನ್ನು ಒಟ್ಟಿಗೆ ಮುಗಿಸದೆ, ಒಂದೊಂದು ಅಳತೆಗೆ ಒಂದೊಂದು ಗುಂಪಿನಂತೆ ಸರದಿ ಸುತ್ತಿ; ಕೈ ದಣಿದ ಲೆಕ್ಕ ಒಂದರ ಮೇಲೇ ಬೀಳುವುದಿಲ್ಲ. ಮಧ್ಯೆ ಬ್ಯಾರಲ್ ಒರೆಸಬೇಡಿ. ಗುಂಪಿನ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು 4.5 ಕಳೆದರೆ ನಡುವಿನಿಂದ ನಡುವಿಗೆ ಇರುವ ಅಳತೆ ಸಿಗುತ್ತದೆ.

ಇದೆಲ್ಲ ಒಂದೇ ಬೆಳಿಗ್ಗೆ ಮುಗಿಯಬೇಕು. ಬಳ್ಳಾರಿ, ರಾಯಚೂರಿನ ಬೇಸಿಗೆಯಲ್ಲಿ 25 ಡಿಗ್ರಿಯಲ್ಲಿ 200 ಬಾರ್ ಇದ್ದ ಸಿಲಿಂಡರ್ 45 ಡಿಗ್ರಿಗೆ ಕಾದರೆ ಸುಮಾರು 213 ಬಾರ್ ಆಗುತ್ತದೆ. ರೆಗ್ಯುಲೇಟರ್ (ಪ್ರತಿ ಗುಂಡಿಗೂ ಗಾಳಿಯ ಒತ್ತಡ ಒಂದೇ ಸಮ ಇಡುವ ಭಾಗ) ಇಲ್ಲದ ರೈಫಲ್ಲಿನಲ್ಲಿ ಬೆಳಗಿನ ಗುಂಪನ್ನು ಮಧ್ಯಾಹ್ನದ ಗುಂಪಿನ ಜೊತೆ ಹೋಲಿಸುವುದು ದಂಡ.

ತೂಕದ ವಿಷಯಕ್ಕೆ ಬಂದರೆ, ಇದಕ್ಕೆ ಜನ ಕೊಡುವಷ್ಟು ಸಮಯ ಸಲ್ಲದು ಎಂಬುದು ನಮ್ಮ ಖಚಿತ ಅಭಿಪ್ರಾಯ, 10 ಮೀಟರ್ ಮಟ್ಟಿಗೆ. ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 175 ಮೀಟರ್ ವೇಗದ ಪೆಲೆಟ್ 10 ಮೀಟರ್ ದಾಟುವಷ್ಟರಲ್ಲಿ ಸುಮಾರು 17 ಮಿ.ಮೀ. ಇಳಿಯುತ್ತದೆ. ತೂಕ ಶೇ. 1, ಅಂದರೆ 5 ಮಿಲಿಗ್ರಾಂ, ಹೆಚ್ಚಾದರೆ ವೇಗ ಶೇ. 0.5ರಷ್ಟು ತಗ್ಗುತ್ತದೆ, ಇಳಿತ ಶೇ. 1 ಹೆಚ್ಚುತ್ತದೆ. ಅಂದರೆ 0.17 ಮಿ.ಮೀ., 0.1 ಅಂಕದ ಜಾಗಕ್ಕಿಂತಲೂ ಕಡಿಮೆ. 25 ಮೀಟರಿಗೆ ಅದೇ ವ್ಯತ್ಯಾಸ ಒಂದು ಮಿ.ಮೀ. ದಾಟುತ್ತದೆ, ಅಲ್ಲಿ ತೂಗುವುದಕ್ಕೆ ಅರ್ಥವಿದೆ. ತೂಗುವುದೇ ಆದರೆ ಅಕ್ಕಸಾಲಿಗರು ಬಳಸುವಂಥ, ಮಿಲಿಗ್ರಾಂ ತೋರಿಸುವ ತಕ್ಕಡಿ ಬೇಕು. 0.01 ಗ್ರಾಂ ತಕ್ಕಡಿಯ ಒಂದು ಅಂಕಿಯೇ ಪೆಲೆಟ್ ತೂಕದ ಸುಮಾರು ಶೇ. 2 ಆಗುತ್ತದೆ. ಫ್ಯಾನ್ ಆರಿಸಿ ತೂಗಿ, ಗಾಳಿಗೆ ಅಂಕಿ ಕುಣಿಯುತ್ತದೆ.

ತೂಗುವ ಅರ್ಧ ಗಂಟೆಯನ್ನು ಸ್ಕರ್ಟ್ ನೋಡುವುದಕ್ಕೆ ಕೊಡಿ. ಹಿಂಭಾಗದ ಈ ತೆಳು ಅಂಚು ಗಾಳಿಯ ಒತ್ತಡಕ್ಕೆ ಅರಳಿ ಬ್ಯಾರಲ್ ಮುಚ್ಚಬೇಕು. ಸಾಗಣೆಯಲ್ಲಿ ಅದು ನಗ್ಗಿದ್ದರೆ ಒಂದು ಕಡೆಯಿಂದ ಗಾಳಿ ಸೋರಿ ಗುಂಡು ಗುಂಪು ಬಿಟ್ಟು ಹಾರುತ್ತದೆ. ಕಾರಣವೇ ತಿಳಿಯದ ಒಂಟಿ ಎಂಟು, ಒಂಬತ್ತುಗಳಲ್ಲಿ ಹೆಚ್ಚಿನವು ನಗ್ಗಿದ ಸ್ಕರ್ಟಿನವೇ ಆಗಿದ್ದವು. ಬಿಳಿ ಬಟ್ಟೆಯ ಮೇಲೆ ಹರವಿ, ಬುಡ ಮೇಲಾಗಿಸಿ, ದೀಪದ ಕೆಳಗೆ ಕಣ್ಣಾಡಿಸಿದರೆ ಸಾಕು.

ತೊಳೆಯುವುದು ನಮ್ಮ ಸೀಮೆಯಲ್ಲಿ ಕೆಲವೊಮ್ಮೆ ಅನಿವಾರ್ಯ. ಸಂಡೂರು, ತೋರಣಗಲ್ಲು ಕಡೆ ಅದಿರಿನ ಕೆಂಧೂಳು, ಕೊಪ್ಪಳದ ಗಿಣಿಗೇರಾದಲ್ಲಿ ಕಾರ್ಖಾನೆಯ ಕಪ್ಪು ಧೂಳು, ಶಕ್ತಿನಗರದ ಸುತ್ತ ಹಾರುಬೂದಿ. ತೆರೆದ ಡಬ್ಬಿಗೆ ಬಿದ್ದ ಈ ಗಟ್ಟಿ ಕಣಗಳು ಮೆತ್ತನೆಯ ಸೀಸದಲ್ಲಿ ಹುದುಗಿ ಬ್ಯಾರಲ್ಲನ್ನು ಉಜ್ಜುತ್ತವೆ. ಉಗುರುಬೆಚ್ಚಗಿನ ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಜಾಲಾಡಿಸಿ, ಎರಡು ನೀರಲ್ಲಿ ತೆಗೆದು, ನೆರಳಲ್ಲಿ ಒಂದು ದಿನ ಒಣಗಿಸಿ. ಅಡುಗೆಯ ಪಾತ್ರೆ ಬೇಡ, ಕೆಲಸವಾದ ಮೇಲೆ ಸೋಪಿನಿಂದ ಕೈ ತೊಳೆಯಿರಿ, ಸೀಸ ವಿಷ. ಶುದ್ಧವಾಗಿರುವ ಡಬ್ಬಿಯನ್ನು ತೊಳೆದು ಲಾಭವಿಲ್ಲ, ಕಾರ್ಖಾನೆ ಹಚ್ಚಿದ ಜಾರುಪದರ ಹೋಗಿ ಬ್ಯಾರಲ್ಲಿಗೆ ಸೀಸ ಮೆತ್ತುವುದು ಹೆಚ್ಚುತ್ತದೆ. ತೊಳೆದ ಪೆಲೆಟ್ಟಿಗೆ ಪೆಟ್ರೋಲಿಯಂ ಎಣ್ಣೆ ಸವರಿ ಸ್ಪ್ರಿಂಗ್ ರೈಫಲ್ಲಿಗೆ (ಸ್ಪ್ರಿಂಗ್ ತಳ್ಳುವ ಪಿಸ್ಟನ್ ಗಾಳಿ ಒತ್ತುವುದು) ಹಾಕುವುದಂತೂ ತಪ್ಪು. ಪಿಸ್ಟನ್ ಒತ್ತಿದ ಬಿಸಿಗೆ ಎಣ್ಣೆ ಹೊತ್ತಿ ವೇಗ ಅಡ್ಡಾದಿಡ್ಡಿಯಾಗುತ್ತದೆ, ಸೀಲ್ ಹಾಳಾಗುತ್ತದೆ.

ಒಪ್ಪುವ ಅಳತೆ ಸಿಕ್ಕ ಕೂಡಲೇ ಡಬ್ಬಿಯ ಮೇಲಿನ ಲಾಟ್ ನಂಬರ್ (ಒಟ್ಟಿಗೆ ತಯಾರಾದ ಕಂತಿನ ಸಂಖ್ಯೆ) ಬರೆದಿಟ್ಟುಕೊಂಡು, ಅದೇ ಲಾಟಿನ ಡಬ್ಬಿಗಳನ್ನು ಒಟ್ಟಿಗೆ ಕೊಳ್ಳಿ. ಲಾಟ್ ಬದಲಾದರೆ ಪರೀಕ್ಷೆಯನ್ನು ಮತ್ತೆ ಮೊದಲಿನಿಂದ ಮಾಡಬೇಕು.