ಪೀಣ್ಯದ ನಮ್ಮ ಸರ್ವರ್ ನೋಡಿಕೊಳ್ಳುವವರ ಬಗ್ಗೆ: ಕೆಲವು ವರ್ಷಗಳ ಅನುಭವ

ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಸಣ್ಣ ಮೆಷಿನ್ ಶಾಪ್. ಬಿಲ್ಲಿಂಗ್, ಲೆಕ್ಕ ಎಲ್ಲಾ ನನ್ನ ಕೈಯಲ್ಲಿ. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯ ಡೇಟಾ, ಗಿರಾಕಿಗಳ ಡ್ರಾಯಿಂಗ್ ಎಲ್ಲವೂ ಒಂದೇ ಸರ್ವರ್‌ನಲ್ಲಿವೆ. ಅದರ ಎಎಂಸಿ (ವರ್ಷದ ನಿರ್ವಹಣೆ ಒಪ್ಪಂದ) ರಾಜಾಜಿನಗರದ ಒಂದು ಸಣ್ಣ ತಂಡದ ಹತ್ತಿರ ಇದೆ. ಎಷ್ಟು ಬೇಗ ಬರ್ತಾರೆ ಅಂತ ಎಲ್ಲರೂ ಕೇಳುತ್ತಾರೆ. ಬಂದವರು ಡಿಸ್ಕ್ ಮುಟ್ಟುವ ಮುಂಚೆ ಏನು ಮಾಡ್ತಾರೆ ಅನ್ನೋದು ಅದಕ್ಕಿಂತ ಮುಖ್ಯ ಅಂತ ನನ್ನ ಅನುಭವ.

ಇವರು ನಮಗೆ ಸಿಕ್ಕಿದ್ದೇ ಕಷ್ಟದಲ್ಲಿ. ಮೇ ತಿಂಗಳ ಗುಡುಗು ಮಳೆ, ಕರೆಂಟ್ ಹೋಗಿ ಬಂದು ಮಾಡುತ್ತಿತ್ತು. ಯುಪಿಎಸ್ ಬ್ಯಾಟರಿ ತಡೆಯಲಿಲ್ಲ. ಸರ್ವರ್ ಮತ್ತೆ ಆನ್ ಆದಾಗ ವಿಂಡೋಸ್ ಬರಲೇ ಇಲ್ಲ. ಕಪ್ಪು ಸ್ಕ್ರೀನ್ ಮೇಲೆ ‘ಫಾರಿನ್ ಕಾನ್ಫಿಗರೇಷನ್’ ಅಂತ ಒಂದು ಸಾಲು, ಅಂದರೆ ಈ ಡಿಸ್ಕ್ ಜೋಡಣೆ ತನ್ನದಲ್ಲ ಅಂತ ಸರ್ವರ್ ಹೇಳುತ್ತಿತ್ತು. ಮಾರನೇ ದಿನ 11ನೇ ತಾರೀಖು, ಜಿಎಸ್‌ಟಿಆರ್-1 (ಮಾರಾಟದ ಜಿಎಸ್‌ಟಿ ರಿಟರ್ನ್) ಹಾಕಲು ಕೊನೇ ದಿನ. ಆಗ ನಮ್ಮ ಎಎಂಸಿ ಇದ್ದದ್ದು ಬೇರೆಯವರ ಹತ್ತಿರ. ಅವರು ಫೋನಿನಲ್ಲೇ “ಕ್ಲಿಯರ್ ಒತ್ತಿ ಮೇಡಂ, ಹೊಸದಾಗಿ ಇನ್‌ಸ್ಟಾಲ್ ಮಾಡೋಣ” ಅಂದರು. ಡೇಟಾ ಏನಾಗುತ್ತೆ ಅಂದರೆ ಉತ್ತರ ಇಲ್ಲ.

ಪಕ್ಕದ ಶೆಡ್‌ನವರು ಇವರ ನಂಬರ್ ಕೊಟ್ಟರು. ಫೋನ್ ಎತ್ತಿದ ಹುಡುಗ ಮೊದಲು ಹೇಳಿದ್ದು, “ಏನೂ ಒತ್ತಬೇಡಿ ಮೇಡಂ, ಯಾವ ಡಿಸ್ಕನ್ನೂ ಕೀಳಬೇಡಿ, ಸ್ಕ್ರೀನ್ ಫೋಟೋ ಕಳಿಸಿ.” ಗೊರಗುಂಟೆಪಾಳ್ಯದ ಟ್ರಾಫಿಕ್ ದಾಟಿ ಬರುವಷ್ಟರಲ್ಲಿ ರಾತ್ರಿಯಾಗಿತ್ತು. ಬಂದವರು ಮೂರು ಡಿಸ್ಕ್‌ಗೂ ಮಾರ್ಕರ್‌ನಲ್ಲಿ 0, 1, 2 ಅಂತ ಬರೆದು, ಫೋಟೋ ತೆಗೆದುಕೊಂಡೇ ಹೊರಗೆ ಎಳೆದರು. ನಮ್ಮದು ರೇಡ್-5, ಅಂದರೆ ಡೇಟಾವನ್ನು ಹಲವು ಡಿಸ್ಕ್‌ಗಳಿಗೆ ಹಂಚಿ ಇಡುವ ವ್ಯವಸ್ಥೆ. ಒಂದು ಡಿಸ್ಕ್ ಹೋದರೆ ನಡೆಯುತ್ತದೆ, ಎರಡು ಹೋದರೆ ನಿಲ್ಲುತ್ತದೆ. ಡಿಸ್ಕ್‌ಗಳನ್ನು ನಡೆಸುವ ಕಂಟ್ರೋಲರ್‌ನ ಲಾಗ್ (ದಾಖಲೆ) ತೆಗೆದು ನೋಡಿದರೆ, ಒಂದು ಡಿಸ್ಕ್ ತಿಂಗಳುಗಳ ಹಿಂದೆಯೇ ಸತ್ತಿತ್ತು. ಅದರ ಕಿತ್ತಳೆ ಲೈಟ್ ತೋರಿಸಿದಾಗ ಹಳೇ ಎಎಂಸಿಯವರು “ಅದೇನಿಲ್ಲ ಬಿಡಿ” ಅಂದು ರಿಪೋರ್ಟ್‌ಗೆ ಸಹಿ ಹಾಕಿ ಹೋಗಿದ್ದರು. ನನಗೆ ಈಗಲೂ ಅದು ನೆನೆದರೆ ಸಿಟ್ಟು ಬರುತ್ತದೆ.

ಎರಡನೆಯ ಡಿಸ್ಕ್ ಮಾತ್ರ ಅವತ್ತು ಕರೆಂಟ್ ಏಟಿಗೆ ರೇಡ್‌ನಿಂದ ಹೊರಗೆ ಬಿದ್ದದ್ದು. ಅದನ್ನು ಸೇರಿಸಿಕೊಂಡರೆ ಸಾಕು, ಮೊದಲೇ ಸತ್ತದ್ದನ್ನು ಸೇರಿಸಿದರೆ ಹಳೇ ಡೇಟಾ ಬೆರೆತು ಎಲ್ಲಾ ಹಾಳಾಗುತ್ತದೆ ಅಂತ ನನಗೆ ಅರ್ಥವಾಗುವ ಹಾಗೆ ಕನ್ನಡದಲ್ಲೇ ಹೇಳಿದರು. ಮೊದಲು, ಸತ್ತದ್ದನ್ನು ಬಿಟ್ಟು ಉಳಿದ ಎರಡೂ ಡಿಸ್ಕ್‌ಗಳನ್ನು ಇದ್ದ ಹಾಗೇ ಬೇರೆ ಡಿಸ್ಕ್‌ಗೆ ಕಾಪಿ ಮಾಡಿದರು. ಒಂದೊಂದು ಟಿಬಿಗೆ ಎರಡು–ಮೂರು ಗಂಟೆ ಹಿಡಿಯುತ್ತದೆ. ಆಮೇಲೆ ಹಳೇ ಜೋಡಣೆಯನ್ನೇ ಒಪ್ಪಿಕೊಳ್ಳುವ ‘ಇಂಪೋರ್ಟ್’ ಒತ್ತಿದರು, ಸರ್ವರ್ ಎದ್ದಿತು. ಆಗಲೂ ಹೊಸ ಡಿಸ್ಕ್ ತಕ್ಷಣ ಹಾಕಲಿಲ್ಲ. ರೀಬಿಲ್ಡ್ ಆಗುವಾಗ, ಅಂದರೆ ಹೊಸ ಡಿಸ್ಕ್‌ಗೆ ಡೇಟಾ ತುಂಬುವಾಗ, ಉಳಿದ ಡಿಸ್ಕ್‌ಗಳನ್ನು ಪೂರ್ತಿ ಓದಬೇಕು, ಸುಸ್ತಾದ ಡಿಸ್ಕ್ ಆಗಲೇ ಕೈಕೊಡುವುದು. ಅದಕ್ಕೇ ಟ್ಯಾಲಿ ಫೋಲ್ಡರ್ ಮೊದಲು ಹೊರಗೆ ತೆಗೆದುಕೊಟ್ಟರು. ಬೆಳಿಗ್ಗೆ ನಾನು ಲ್ಯಾಪ್‌ಟಾಪ್‌ನಲ್ಲಿ ರಿಟರ್ನ್ ಹಾಕಿದೆ. ಅವರು ಕಾಫಿ ಕುಡಿದು ರೀಬಿಲ್ಡ್‌ಗೆ ಕೂತರು.

ಎಎಂಸಿ ಇವರಿಗೆ ಕೊಟ್ಟ ಮೇಲೆ ಬಂದ ದೊಡ್ಡ ಬದಲಾವಣೆ ಬ್ಯಾಕಪ್‌ನದ್ದು. ರೇಡ್ ಇದ್ದರೆ ಬ್ಯಾಕಪ್ ಇದ್ದ ಹಾಗಲ್ಲ, ಅಳಿಸಿದ ಫೈಲ್ ಎಲ್ಲಾ ಡಿಸ್ಕ್‌ನಲ್ಲೂ ಅಳಿಸಿಹೋಗುತ್ತದೆ ಅಲ್ವಾ? ಮೂರು ತಿಂಗಳಿಗೊಮ್ಮೆ ಬಂದು ಬ್ಯಾಕಪ್‌ನಿಂದ ಡೇಟಾ ತೆಗೆದು ಬೇರೆ ಲ್ಯಾಪ್‌ಟಾಪ್‌ನಲ್ಲಿ ಟ್ಯಾಲಿ ಓಪನ್ ಮಾಡಿಸುತ್ತಾರೆ. ಟ್ರಯಲ್ ಬ್ಯಾಲೆನ್ಸ್ (ಎಲ್ಲಾ ಖಾತೆಗಳ ಬಾಕಿಯ ಪಟ್ಟಿ) ಸರ್ವರ್‌ನದ್ದಕ್ಕೆ ಹೊಂದುತ್ತಾ ಅಂತ ನಾನೇ ನೋಡಿ ಸಹಿ ಹಾಕಬೇಕು. ಇದನ್ನು ಬೇರೆ ಯಾರೂ ಮಾಡಿದ್ದು ನಾನು ಕಂಡಿಲ್ಲ. ಬ್ಯಾಕಪ್ ಮುಗಿದ ಮೇಲೆ ಹೊರಗಿನ ಡ್ರೈವ್ ಬಿಚ್ಚಿ ಬೀರುವಿನಲ್ಲಿ ಇಡಿಸುತ್ತಾರೆ, ಚುಚ್ಚಿಯೇ ಇದ್ದರೆ ರ್‍ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ಅದನ್ನೂ ಬಿಡುವುದಿಲ್ಲ. ಮನೆಯಿಂದ ರಿಮೋಟ್ ಡೆಸ್ಕ್‌ಟಾಪ್ ನೋಡಲು ಹಳಬರು ತೆರೆದಿಟ್ಟಿದ್ದ 3389 ಪೋರ್ಟ್ (ಇಂಟರ್ನೆಟ್‌ನಿಂದ ಒಳಬರುವ ದಾರಿ) ಮುಚ್ಚಿ, ಸುರಕ್ಷಿತ ದಾರಿಯಾದ ವಿಪಿಎನ್ ಹಾಕಿಕೊಟ್ಟರು. ವಿಂಡೋಸ್ ಸರ್ವರ್ 2012ಕ್ಕೆ 2023ರ ಅಕ್ಟೋಬರ್‌ನಲ್ಲಿ ಸಪೋರ್ಟ್ ನಿಲ್ಲುತ್ತದೆ ಅಂತ ಮೊದಲೇ ಎಚ್ಚರಿಸಿ, ಒಂದು ಭಾನುವಾರ ಹೊಸದಕ್ಕೆ ಬದಲಾಯಿಸಿದರು.

ಕೊರತೆ ಇಲ್ಲ ಅಂತಲ್ಲ. ಡಿಸ್ಕ್‌ಗೆ ಎಸ್‌ಪಿ ರೋಡ್‌ನ ಕಂಪ್ಯೂಟರ್ ಅಂಗಡಿಗಳಿಗಿಂತ ಜಾಸ್ತಿ ರೇಟ್ ಹಾಕುತ್ತಾರೆ. ಬಿಲ್, ವಾರಂಟಿ ಸರಿಯಾಗಿ ಕೊಡುತ್ತಾರೆ, ಸೆಕೆಂಡ್ ಹ್ಯಾಂಡ್ ಮಾಲು ತರುವುದಿಲ್ಲ, ಹಾಗಾಗಿ ನಾನು ಚೌಕಾಸಿ ಮಾಡುವುದಿಲ್ಲ. ಎಎಂಸಿ ಕಾಗದದಲ್ಲಿ ಬರೆದಿರುವ ನಾಲ್ಕು ಗಂಟೆ ಇಂಜಿನಿಯರ್ ಬರುವುದಕ್ಕೆ, ರಿಪೇರಿ ಮುಗಿಸುವುದಕ್ಕಲ್ಲ. ಇದನ್ನು ತಿಳಿದೇ ಸಹಿ ಹಾಕಿ. ನನಗೆ ನಿಜವಾಗಿ ಬೇಜಾರಾಗುವುದು ರಾತ್ರಿ ಪಾಳಿಯವರಿಂದ. ಅವರಿಗೆ ನಮ್ಮ ಸರ್ವರ್ ಗೊತ್ತಿಲ್ಲ, ಪ್ರತಿ ಸಲ ಮೊದಲಿಂದ ಹೇಳಬೇಕು. ಗಾಬರಿಯಲ್ಲಿರುವಾಗ ಮಾಡೆಲ್ ನಂಬರ್ ಹುಡುಕುತ್ತಾ ಕೂರಲು ಆಗುತ್ತಾ? ಈ ಸಲ ರಿನ್ಯೂ ಮಾಡುವಾಗ, ನಮ್ಮ ಸರ್ವರ್‌ನ ಪೂರ್ತಿ ವಿವರ ರಾತ್ರಿಯವರ ಹತ್ತಿರವೂ ಇರಬೇಕು ಅಂತ ಕಾಂಟ್ರ್ಯಾಕ್ಟ್‌ನಲ್ಲೇ ಬರೆಸಿದ್ದೇನೆ.