ನಿದ್ರೆಗೆಂದು ಬರೆದುಕೊಟ್ಟ ಮಾತ್ರೆ ಯಾವ ರೋಗದ್ದು ಎಂದು ಕೇಳಿಯೇ ನುಂಗಿ

ನಿದ್ರೆ ಬರುತ್ತಿಲ್ಲವೆಂದು ಆಸ್ಪತ್ರೆಗೆ ಅಲೆಯುತ್ತಿರುವವರು, ಮುಖ್ಯವಾಗಿ ನಲವತ್ತು ದಾಟಿದ ಹೆಂಗಸರು, ಇದನ್ನು ಪೂರ್ತಿ ಓದಿ. ಉದ್ದವಾಗಿದೆ, ಸಿಟ್ಟಿನಲ್ಲಿ ಬರೆದಿದ್ದೇನೆ, ಹೇಳಿದ್ದನ್ನೇ ಮತ್ತೆ ಹೇಳಿರಬಹುದು. ಆದರೂ ಓದಿ. ನಿಮ್ಮ ಕೈಯಲ್ಲಿರುವ ಚೀಟಿಯಲ್ಲಿ ಕ್ವೆಟಿಯಾಪಿನ್ ಎಂಬ ಹೆಸರಿದ್ದು, ಅದು ಏನೆಂದು ಯಾರೂ ನಿಮಗೆ ಹೇಳಿಲ್ಲವಾದರೆ ಎರಡು ಸಲ ಓದಿ.

ಮೊದಲೇ ಒಂದು ಮಾತು. ಈಗಾಗಲೇ ಅದನ್ನು ತೆಗೆದುಕೊಳ್ಳುತ್ತಿರುವವರು ನನ್ನ ಮಾತು ಕೇಳಿ ಇವತ್ತೇ ಮಾತ್ರೆ ಬಿಸಾಡಬೇಡಿ. ಥಟ್ಟನೆ ಬಿಟ್ಟರೆ ಇದ್ದಬದ್ದ ನಿದ್ರೆಯೂ ಹಾರಿಹೋಗಬಹುದು, ವಾಕರಿಕೆ ಬರಬಹುದು. ವೈದ್ಯರನ್ನು ಕೇಳಿ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಸ್ಕಿಜೋಫ್ರೇನಿಯಾ, ಬೈಪೋಲಾರ್ ಎಂಬ ತೀವ್ರ ಮಾನಸಿಕ ಕಾಯಿಲೆಗಳಿಗೆ ಅದನ್ನು ತೆಗೆದುಕೊಳ್ಳುವವರಿಗಂತೂ ಈ ಬರಹ ಅಲ್ಲವೇ ಅಲ್ಲ. ಅವರಿಗೆ ಅದು ಬೇಕೇ ಬೇಕಾದ ಔಷಧ.

ನಾನು ಮೈಸೂರಿನಲ್ಲಿ ಪ್ರೌಢಶಾಲೆಯ ಶಿಕ್ಷಕಿ. ಕೆಲವು ವರ್ಷಗಳಿಂದ ರಾತ್ರಿ ನಿದ್ರೆ ಕೆಟ್ಟಿತ್ತು. ಹತ್ತೂವರೆಗೆ ಮಲಗಿದರೆ ಎರಡು ಗಂಟೆಯವರೆಗೆ ಹೊರಳಾಟ. ಕಣ್ಣು ಎಳೆಯುತ್ತದೆ, ಆದರೆ ಕಾಲು ಬಿಡುವುದಿಲ್ಲ. ಮೀನಖಂಡದ ಒಳಗೆ ಇರುವೆ ಸಾಲುಗಟ್ಟಿ ಹರಿದಂತೆ. ನೋವಲ್ಲ, ತುರಿಕೆಯಲ್ಲ, ಕಾಲನ್ನು ಅಲ್ಲಾಡಿಸದೆ ಇರಲಾಗದ ಒಂದು ಹಿಂಸೆ. ಎದ್ದು ಪಡಸಾಲೆಯಲ್ಲಿ ನಾಲ್ಕು ಹೆಜ್ಜೆ ನಡೆದರೆ ಹೋಗುತ್ತದೆ, ಬಂದು ಮಲಗಿದರೆ ಮತ್ತೆ ಶುರು. ನಮ್ಮ ಯಜಮಾನರು ಬೇರೆ ಕೋಣೆಗೆ ಹಾಸಿಗೆ ಸಾಗಿಸಿಕೊಂಡಿದ್ದರು.

ಕಾಲಿನ ವಿಷಯವನ್ನು ಇಷ್ಟು ಬಿಡಿಸಿ ಬರೆದದ್ದಕ್ಕೆ ಕಾರಣವಿದೆ. ಇದನ್ನೆಲ್ಲ ಆ ವೈದ್ಯರ ಎದುರು ಕುಳಿತು ಹೇಳಿದ್ದೆ. ಮೊದಲ ಭೇಟಿಯಲ್ಲೇ ಹೇಳಿದ್ದೆ.

ಊರಿನ ಒಂದು ಖಾಸಗಿ ಆಸ್ಪತ್ರೆಯ ಸ್ಲೀಪ್ ಕ್ಲಿನಿಕ್ ಅದು. ಹೆಸರು ಹಾಕುವುದಿಲ್ಲ, ಏಕೆಂದು ಕೊನೆಯಲ್ಲಿ ಹೇಳುತ್ತೇನೆ. ಗೋಡೆಯ ಮೇಲೆ ಮೋಡದ ಚಿತ್ರ, ಕುಳಿತುಕೊಳ್ಳಲು ಮೆತ್ತನೆಯ ಸೋಫಾ, ಒಳಗೆ ಹೋದರೆ ಐದು ನಿಮಿಷದ ಮಾತು. ಕಾಲಿನ ಮಾತು ಎತ್ತಿದ ಕೂಡಲೇ ವೈದ್ಯರು "ಅದು ಟೆನ್ಷನ್ ಮೇಡಂ, ನಿದ್ರೆ ಸರಿಯಾದರೆ ಕಾಲೂ ಸರಿಯಾಗುತ್ತದೆ" ಎಂದರು. ನಾನು ಒಂದೇ ಒಂದು ಪ್ರಶ್ನೆ ಕೇಳಿದೆ. "ಡಾಕ್ಟರೇ, ನಿದ್ರೆ ಮಾತ್ರೆ ಚಟವಾಗುತ್ತದೆ ಎನ್ನುತ್ತಾರೆ, ಇದು ಅಂಥದ್ದೇನಾ?" ಅವರು ನಕ್ಕು, "ಇದು ನಿದ್ರೆ ಮಾತ್ರೆಯೇ ಅಲ್ಲ. ಚಟವಾಗುವ ಪ್ರಶ್ನೆಯೇ ಇಲ್ಲ, ನಿಶ್ಚಿಂತೆಯಿಂದ ಇರಿ" ಎಂದರು.

ನಿದ್ರೆ ಮಾತ್ರೆಯೇ ಅಲ್ಲವಂತೆ! ಆ ಮಾತಿನಲ್ಲಿ ಸುಳ್ಳಿಲ್ಲ ನೋಡಿ. ನಿದ್ರೆ ಮಾತ್ರೆ ಅಲ್ಲದಿದ್ದರೆ ಮತ್ತೇನು ಎಂಬುದನ್ನು ಮಾತ್ರ ನುಂಗಿಕೊಂಡರು.

25 ಮಿಲಿಗ್ರಾಂನಿಂದ ಶುರುವಾಯಿತು. ಮೊದಲ ಕೆಲವು ರಾತ್ರಿ ಕಲ್ಲಿನಂತೆ ಮಲಗಿದೆ, ಆಸ್ಪತ್ರೆಯನ್ನು ಸಹೋದ್ಯೋಗಿಗಳೆದುರು ಹೊಗಳಿದ್ದೂ ಉಂಟು. ಆಮೇಲೆ ಕಾಲಿನ ಕಾಟ ಮೊದಲಿಗಿಂತ ಜೋರಾಯಿತು. ಹೇಳಿದೆ. 50 ಆಯಿತು. ಇನ್ನೂ ಜೋರಾಯಿತು, ಈಗ ಸಂಜೆಗೇ, ಬಸ್ಸಿನಲ್ಲಿ ಕುಳಿತಾಗಲೇ ಶುರು. ಹೇಳಿದೆ. 100 ಆಯಿತು. ಮಾತ್ರೆ ಏರಿದಷ್ಟೂ ಕಾಲು ಕುಣಿಯಿತು, ಕಾಲು ಕುಣಿದಷ್ಟೂ ಮಾತ್ರೆ ಏರಿತು. ಆ ಮನುಷ್ಯನಿಗೆ ಒಮ್ಮೆಯೂ ಅನುಮಾನ ಬರಲಿಲ್ಲ.

ಉಳಿದದ್ದು ಇನ್ನೊಂದು ಕಥೆ. ಬಾಯಿ ಎಷ್ಟು ಒಣಗುತ್ತಿತ್ತೆಂದರೆ ಪಾಠದ ನಡುವೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಮಾತು ಹೊರಡುತ್ತಿರಲಿಲ್ಲ, ಮೇಜಿನ ಮೇಲೆ ನೀರಿನ ಬಾಟಲಿ ಇಟ್ಟುಕೊಂಡೇ ಪಾಠ ಮಾಡುತ್ತಿದ್ದೆ. ಮೊದಲ ಪೀರಿಯಡ್‌ನಲ್ಲಿ ಹಲಗೆಯ ಮೇಲೆ ಅರ್ಧ ವಾಕ್ಯ ಬರೆದು, ಮುಂದಿನದು ಹೊಳೆಯದೆ, ಸೀಮೆಸುಣ್ಣ ಹಿಡಿದು ನಿಂತದ್ದಿದೆ. ಹಿಂದಿನ ಬೆಂಚಿನ ಹುಡುಗಿಯರು ಮುಖ ಮುಖ ನೋಡಿಕೊಂಡದ್ದು ಈಗಲೂ ಕಣ್ಣ ಮುಂದಿದೆ. ರಾತ್ರಿ ಮಾತ್ರೆ ನುಂಗಿದ ಮೇಲೆ ಎಂಥ ಹಸಿವು! ಊಟವಾಗಿದ್ದರೂ ಕೋಡುಬಳೆಯ ಡಬ್ಬ ತೆಗೆದು ಕುಳಿತರೆ ತಳ ಕಾಣುವವರೆಗೂ ಏಳುತ್ತಿರಲಿಲ್ಲ. ರವಿಕೆಗಳ ಹೊಲಿಗೆ ಬಿಚ್ಚಿಸಿ ಬಿಚ್ಚಿಸಿ, ಕೊನೆಗೆ ಬಿಚ್ಚಲು ಹೊಲಿಗೆಯೇ ಉಳಿಯಲಿಲ್ಲ. ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ಮೊದಲು 5.5 ಇದ್ದದ್ದು 6.3ಕ್ಕೆ ಬಂತು. 6.5 ಮುಟ್ಟಿದರೆ ಮಧುಮೇಹ ಎಂದೇ ಲೆಕ್ಕ. ಒಂದು ಬೆಳಗಿನ ಜಾವ ಹಾಸಿಗೆಯಿಂದ ಎದ್ದವಳು ಕಣ್ಣು ಕತ್ತಲೆ ಬಂದು ಬಚ್ಚಲುಮನೆಯ ಹೊಸ್ತಿಲ ಮೇಲೆ ಬಿದ್ದೆ. ಗದ್ದ ಸೀಳಿತು, ಹೊಲಿಗೆ ಬಿತ್ತು.

ಇದಕ್ಕೆಲ್ಲ ಅವರ ಉತ್ತರ? "ಮುಟ್ಟು ನಿಲ್ಲುವ ವಯಸ್ಸು ಮೇಡಂ, ಇದೆಲ್ಲ ಸಹಜ. ವಾಕಿಂಗ್ ಮಾಡಿ."

ಈಗ ಆ ಸಂಜೆಯ ವಿಷಯಕ್ಕೆ ಬರುತ್ತೇನೆ. ಅಲ್ಲಿಯವರೆಗೆ ಮಾತ್ರೆಯನ್ನು ಆಸ್ಪತ್ರೆಯ ಕೆಳಗಿನ ಅಂಗಡಿಯಲ್ಲೇ ತರುತ್ತಿದ್ದೆ. ಅಲ್ಲಿ ಸ್ಟ್ರಿಪ್ ಕತ್ತರಿಸಿ ಕಾಗದದ ಲಕೋಟೆಗೆ ಹಾಕಿ, ಮೇಲೆ ಚಂದ್ರನ ಗುರುತು ಹಾಕಿ ಕೊಡುತ್ತಿದ್ದರು. ರಾತ್ರಿಗೆ ಒಂದು ಎಂದು ಅರ್ಥ. ಅಂದು ಮಾತ್ರೆ ಮುಗಿದಿತ್ತು, ಶಾಲೆಯ ಹತ್ತಿರದ ಮೆಡಿಕಲ್ ಶಾಪ್‌ಗೆ ಹೋದೆ. ಅಂಗಡಿಯವರು ವಯಸ್ಸಾದವರು, ಒಳ್ಳೆಯವರು. ಚೀಟಿ ನೋಡಿದರು, ನನ್ನನ್ನು ನೋಡಿದರು, ಮತ್ತೆ ಚೀಟಿ ನೋಡಿದರು. "ಯಾರಿಗೆ ಮೇಡಂ ಇದು? ಮನೆಯಲ್ಲಿ ಮಾನಸಿಕ ಕಾಯಿಲೆಯವರು ಇದ್ದಾರೆಯೆ?" ಎಂದು ಕೇಳಿದರು. ನನಗೇ ಎಂದೆ, ನಿದ್ರೆಗೆ ಎಂದೆ. "ನಿದ್ರೆಗೆ ನೂರು ಮಿಲಿಗ್ರಾಂ ಕ್ವೆಟಿಯಾಪಿನ್ನೇ?" ಎಂದರು, ಗಟ್ಟಿಯಾಗಿ. ನನ್ನ ಹಿಂದೆ ನಿಂತಿದ್ದವರು ನಮ್ಮ ಒಂಬತ್ತನೇ ತರಗತಿಯ ಹುಡುಗನ ತಂದೆ. ನಮಸ್ಕಾರ ಮೇಡಂ ಎಂದರು. ನನಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು.

ಮಾನಸಿಕ ಕಾಯಿಲೆ ಅವಮಾನದ ಸಂಗತಿ ಎಂದು ನಾನು ಹೇಳುತ್ತಿಲ್ಲ, ಹಾಗೆ ಓದಿಕೊಳ್ಳಬೇಡಿ. ನನಗೆ ನಾಚಿಕೆಯಾದದ್ದು ಬೇರೆಯದಕ್ಕೆ. ಎಷ್ಟೋ ತಿಂಗಳಿಂದ ನನ್ನ ಹೊಟ್ಟೆಗೆ ಏನು ಹೋಗುತ್ತಿದೆ ಎಂದು ಕೌಂಟರಿನ ಆಚೆಗಿನ ಮನುಷ್ಯನಿಗೆ ಗೊತ್ತು, ನನಗೆ ಗೊತ್ತಿಲ್ಲ. ಮಕ್ಕಳಿಗೆ ಪ್ರಶ್ನೆ ಕೇಳಿ ಎಂದು ಪಾಠ ಹೇಳುವವಳು ನಾನು.

ಆ ರಾತ್ರಿ ಅಕ್ಕನ ಮಗಳಿಗೆ ಫೋನ್ ಮಾಡಿದೆ. ಅವಳು ಫಾರ್ಮಸಿ ಓದುತ್ತಿದ್ದಾಳೆ. ಅವಳು ವಿವರಿಸಿದ್ದನ್ನು, ಆಮೇಲೆ ನಾನು ಓದಿ ತಿಳಿದದ್ದನ್ನು ಸೇರಿಸಿ ಬರೆಯುತ್ತಿದ್ದೇನೆ. ಕ್ವೆಟಿಯಾಪಿನ್‌ಗೆ ಅಮೆರಿಕದಲ್ಲಿ 1997ರಲ್ಲಿ ಒಪ್ಪಿಗೆ ಸಿಕ್ಕಿದ್ದು ಸ್ಕಿಜೋಫ್ರೇನಿಯಾಕ್ಕೆ, ಆಮೇಲೆ ಬೈಪೋಲಾರ್ ಕಾಯಿಲೆಗೆ. ನಿದ್ರಾಹೀನತೆಗೆ ಅಲ್ಲಿ ಒಪ್ಪಿಗೆ ಸಿಕ್ಕಿಲ್ಲ. ಕಡಿಮೆ ಪ್ರಮಾಣದಲ್ಲಿ ಅದು ಮಿದುಳನ್ನು ಎಚ್ಚರವಾಗಿಡುವ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ತಡೆಯುತ್ತದೆ. ಹಳೆಯ ನೆಗಡಿ ಮಾತ್ರೆ ನುಂಗಿದಾಗ ತೂಕಡಿಕೆ ಬರುವುದೂ ಇದೇ ದಾರಿಯಿಂದ. ಎದ್ದು ನಿಂತಾಗ ರಕ್ತದೊತ್ತಡ ಇಳಿಯುವುದು, ಹಸಿವು, ತೂಕ, ಸಕ್ಕರೆ ಏರುವುದು, ಬಾಯಿ ಒಣಗುವುದು ಎಲ್ಲವೂ ಅದರ ಗೊತ್ತಿರುವ ಅಡ್ಡಪರಿಣಾಮಗಳೇ. ಒಂದೂ ಹೊಸದಲ್ಲ. ನನ್ನ ಗದ್ದದ ಹೊಲಿಗೆಗೂ ಮುಟ್ಟಿಗೂ ಏನು ಸಂಬಂಧ, ಹೇಳಿ!

ಇದನ್ನು ನಿದ್ರೆಗೆ ಕೊಡಿ ಎಂದು ವೈದ್ಯರ ನಡುವೆ ಪ್ರಚಾರ ಮಾಡಿದ ಆರೋಪ ಅದನ್ನು ತಯಾರಿಸಿದ ಆಸ್ಟ್ರಾಜೆನೆಕಾ ಕಂಪನಿಯ ಮೇಲೆಯೇ ಇತ್ತು. ಕೋವಿಡ್ ಲಸಿಕೆಯಿಂದ ನಮಗೆಲ್ಲ ಪರಿಚಯವಾದ ಅದೇ ಕಂಪನಿ. 2010ರಲ್ಲಿ, ಆರೋಪ ಒಪ್ಪದೆಯೇ, ಅಮೆರಿಕ ಸರ್ಕಾರದೊಂದಿಗೆ 52 ಕೋಟಿ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಂಡಿತು. ವಯಸ್ಕರ ನಿದ್ರಾಹೀನತೆಗೆ ಆಂಟಿಸೈಕೋಟಿಕ್ ಎಂಬ ಈ ಗುಂಪಿನ ಔಷಧಗಳನ್ನು ಮೊದಲ ಚಿಕಿತ್ಸೆಯಾಗಿ ಬರೆಯಬೇಡಿ ಎಂದು ಅಮೆರಿಕದ ಮನೋವೈದ್ಯರ ಸಂಘವೇ 2013ರಲ್ಲಿ ಹೇಳಿದೆ. ಅದೇ ಮೊದಲ ಚಿಕಿತ್ಸೆಯಾಗಿ ನನಗೆ ಸಿಕ್ಕಿತು.

ಒಪ್ಪಿಗೆಯಿಲ್ಲದ ಉಪಯೋಗಕ್ಕೆ ಔಷಧ ಬರೆಯುವುದು ಲೋಕದಲ್ಲೆಲ್ಲ ಇದೆ, ಕೆಲವೊಮ್ಮೆ ಬೇಕಾಗುತ್ತದೆ, ಅದೆಲ್ಲ ನನಗೂ ಅರ್ಥವಾಗುತ್ತದೆ. ನನ್ನ ಜಗಳ ಬರೆದದ್ದಕ್ಕಲ್ಲ. ಹೇಳದೆ ಬರೆದದ್ದಕ್ಕೆ.

ಇದನ್ನೇ ಕೇಳಲು ಹೋದೆ, ಶುಲ್ಕ ಕಟ್ಟಿಯೇ ಹೋದೆ. ನಡೆದ ಮಾತು ಹೀಗಿದೆ.

"ಇದು ಸ್ಕಿಜೋಫ್ರೇನಿಯಾದ ಮಾತ್ರೆಯಂತಲ್ಲ ಡಾಕ್ಟರೇ?"

"ಗೂಗಲ್ ನೋಡಿಕೊಂಡು ಬಂದಿದ್ದೀರಿ."

"ಎಲ್ಲಿಯದಾದರೂ ಆಗಲಿ, ಹೌದೋ ಅಲ್ಲವೋ?"

"ಕಡಿಮೆ ಡೋಸು ಮೇಡಂ. ಎಲ್ಲ ಕಡೆಯೂ ಬರೆಯುತ್ತಾರೆ. ನಿದ್ರೆ ಬಂತೋ ಇಲ್ಲವೋ ಹೇಳಿ."

"ಬರಲಿಲ್ಲ."

"ಹಾಗಾದರೆ ಚಟ ಹತ್ತುವ ಮಾತ್ರೆ ಬರೆದುಕೊಡಲೆ? ಅದು ಬೇಡವೆಂದವರು ನೀವೇ ಅಲ್ಲವೆ?"

ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಇನ್ನೂ ಏನೇನೋ ಹೇಳಿದರು. ನಾನು ಹಟ ಹಿಡಿದು, ಇಂಥ ಮಾತ್ರೆ ಎಂದು ಮೊದಲ ದಿನವೇ ಏಕೆ ಹೇಳಲಿಲ್ಲ ಎಂದು ಕೇಳಿದೆ. ಆಗ ಬಂದ ಉತ್ತರವನ್ನು ಅಕ್ಷರ ತಪ್ಪದೆ ಬರೆಯುತ್ತೇನೆ: "ಹೇಳಿದ್ದರೆ ನೀವು ತೆಗೆದುಕೊಳ್ಳುತ್ತಿದ್ದಿರಾ?"

ಮೈಯೆಲ್ಲ ಉರಿದುಹೋಯಿತು. ಮರೆತಿದ್ದರು, ಅವಸರದಲ್ಲಿದ್ದರು ಎಂದು ನಾನು ಅಂದುಕೊಂಡಿದ್ದೆ. ಇಲ್ಲ, ಹೇಳಿದರೆ ಬೇಡ ಎನ್ನುತ್ತಾಳೆಂದು ಗೊತ್ತಿದ್ದೇ ಹೇಳಲಿಲ್ಲ. ಹೇಳಿದ್ದರೆ ನೀವು ತೆಗೆದುಕೊಳ್ಳುತ್ತಿದ್ದಿರಾ! ತೆಗೆದುಕೊಳ್ಳುತ್ತಿದ್ದೆನೋ ಇಲ್ಲವೋ, ಅದು ನನಗೆ ಬಿಟ್ಟ ವಿಷಯ. ನನ್ನ ದೇಹ, ನನ್ನ ದುಡ್ಡು, ನನ್ನ ಸಕ್ಕರೆ. ಅದೇ ಮಾತನ್ನು ಅಲ್ಲೇ ಹೇಳಬೇಕಿತ್ತು, ಬಾಯಿ ಕಟ್ಟಿಹೋಯಿತು, ಈಗ ಇಲ್ಲಿ ಬರೆಯುತ್ತಿದ್ದೇನೆ. ಹೊರಗೆ ಬಂದರೆ ರಿಸೆಪ್ಷನ್‌ನ ಹುಡುಗಿ ಮುಂದಿನ ಭೇಟಿಯ ದಿನಾಂಕ ಬರೆದಿಟ್ಟುಕೊಂಡಿದ್ದಳು.

ಆಮೇಲೆ ಹೋದದ್ದು ಸರ್ಕಾರಿ ಆಸ್ಪತ್ರೆಗೆ. ಉದ್ದದ ಸಾಲು, ಮುರಿದ ಕುರ್ಚಿ, ಒಳಗೆ ನನ್ನ ಹಿರಿಯ ಮಗಳ ವಯಸ್ಸಿನ ವೈದ್ಯೆ. ಆಕೆ ಮಾತ್ರೆಯ ಮಾತಿಗೆ ಮೊದಲು ಕಾಲಿನ ಮಾತು ಕೇಳಿದರು. ಅಲ್ಲಾಡಿಸಬೇಕು ಅನ್ನಿಸುತ್ತದೆಯೇ? ಸುಮ್ಮನೆ ಕುಳಿತಾಗ, ಮಲಗಿದಾಗ ಹೆಚ್ಚೇ? ನಡೆದರೆ ಕಡಿಮೆಯಾಗುತ್ತದೆಯೇ? ಸಂಜೆಯಿಂದಾಚೆಗೆ ಜಾಸ್ತಿಯೇ? ನಾಲ್ಕಕ್ಕೂ ಹೌದು ಎಂದೆ. "ರೆಸ್ಟ್‌ಲೆಸ್ ಲೆಗ್ಸ್ ಇರಬೇಕಮ್ಮ, ಫೆರಿಟಿನ್ ನೋಡೋಣ" ಎಂದು ರಕ್ತ ಪರೀಕ್ಷೆಗೆ ಬರೆದರು. ಹಿಮೋಗ್ಲೋಬಿನ್ 11.9, ನೋಡಿದವರೆಲ್ಲ ಪರವಾಗಿಲ್ಲ ಎನ್ನುತ್ತಿದ್ದ ಸಂಖ್ಯೆ. ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆಯಾದ ಫೆರಿಟಿನ್ ಮಾತ್ರ 14. ಈ ಕಾಲಿನ ಕಾಯಿಲೆಯಿದ್ದು ಅದು 75ಕ್ಕಿಂತ ಕೆಳಗಿದ್ದರೆ ಕಬ್ಬಿಣ ಕೊಡುತ್ತಾರಂತೆ.

ಇನ್ನೂ ಕೇಳಿ. ಮಿದುಳಿನಲ್ಲಿ ಸಂದೇಶ ಸಾಗಿಸುವ ಡೋಪಮಿನ್ ಎಂಬ ರಾಸಾಯನಿಕ ತಯಾರಾಗಲು ಕಬ್ಬಿಣ ಬೇಕು, ಈ ಕಾಲಿನ ಕಾಟಕ್ಕೂ ಡೋಪಮಿನ್‌ಗೂ ನಂಟಿದೆ. ನನಗೆ ಕೊಟ್ಟ ಮಾತ್ರೆ ಡೋಪಮಿನ್ ಅನ್ನು ತಡೆಯುವ ಗುಂಪಿನದು. ಅಂಥವು ಈ ಕಾಟವನ್ನು ಹೆಚ್ಚಿಸಬಲ್ಲವು. ಮೊದಲ ದಿನ ನಾನು ಹೇಳಿದ ಮಾತಿಗೆ ಕಿವಿಗೊಟ್ಟು ಒಂದು ರಕ್ತ ಪರೀಕ್ಷೆ ಬರೆದಿದ್ದರೆ ಸಾಕಿತ್ತು.

ಮಾತ್ರೆಯನ್ನು ವಾರಗಟ್ಟಲೆ ಇಳಿಸುತ್ತಾ ನಿಲ್ಲಿಸಿದ್ದಾಯಿತು, ಆ ರಾತ್ರಿಗಳ ಬಗ್ಗೆ ಕೇಳಬೇಡಿ. ಈಗ ಕಬ್ಬಿಣದ ಮಾತ್ರೆ, ನಿಂಬೆಹಣ್ಣಿನ ಪಾನಕದ ಜೊತೆ. ಕಾಫಿಯನ್ನು ಅದರ ಹತ್ತಿರ ಸುಳಿಯಗೊಡುವಂತಿಲ್ಲ. ಮಲಬದ್ಧತೆ ಇದೆ, ಕಾಲಿನ ಕಾಟ ಬಹುಮಟ್ಟಿಗೆ ತಗ್ಗಿದೆ. ತೂಕ ಇಳಿದಿಲ್ಲ. ಸಕ್ಕರೆ ಇಳಿಯುತ್ತದೋ ನೋಡಬೇಕು.

ನೀವು ಮಾಡಬೇಕಾದದ್ದು ಇಷ್ಟೇ. ಮಾತ್ರೆಯ ಮೂಲ ಹೆಸರು ಕೇಳಿ, ಇದು ಯಾವ ಕಾಯಿಲೆಗೆ ಒಪ್ಪಿಗೆ ಪಡೆದದ್ದು ಎಂದು ಕೇಳಿ, ನಿದ್ರೆಗೆ ಕೊಡುತ್ತಿರುವುದೇಕೆ ಎಂದು ಕೇಳಿ, ಎಂದಿಗೆ ನಿಲ್ಲಿಸುತ್ತೀರಿ ಎಂದು ಕೇಳಿ. ಅಮಿಟ್ರಿಪ್ಟಿಲಿನ್, ಮಿರ್ಟಜಪಿನ್, ಟ್ರಾಜೊಡೋನ್ ಇವೂ ಹೀಗೆಯೇ ನಿದ್ರೆಗೆಂದು ಕೈಗೆ ಬರುತ್ತವೆ. ಮೂರೂ ಖಿನ್ನತೆಯ ಔಷಧಗಳು. ಬೇಡ ಎನ್ನುತ್ತಿಲ್ಲ, ಕೇಳಿ ಎನ್ನುತ್ತಿದ್ದೇನೆ. ಕಾಲಿನ ತೊಂದರೆ, ಗೊರಕೆ, ಥೈರಾಯ್ಡ್ ವಿಚಾರಿಸದೆ ಚೀಟಿ ಹರಿದುಕೊಡುವವರ ಕೋಣೆಯಿಂದ ಎದ್ದು ಬನ್ನಿ. ಔಷಧವಿಲ್ಲದ ಸಿಬಿಟಿ-ಐ ಎಂಬ ವರ್ತನಾ ಚಿಕಿತ್ಸೆಯೇ ದೀರ್ಘಕಾಲದ ನಿದ್ರಾಹೀನತೆಗೆ ಮೊದಲ ಆಯ್ಕೆ ಎಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಎಂಬ ಅಲ್ಲಿನ ವೈದ್ಯರ ಸಂಸ್ಥೆ 2016ರಲ್ಲೇ ಹೇಳಿದೆ. ನನ್ನ ಸ್ಲೀಪ್ ಕ್ಲಿನಿಕ್‌ನಲ್ಲಿ ಆ ಹೆಸರನ್ನು ಯಾರೂ ಎತ್ತಲಿಲ್ಲ. ದುಡ್ಡಿಲ್ಲ, ಯಾರನ್ನು ಕೇಳಬೇಕೋ ತಿಳಿಯದು ಎನ್ನುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ಗೆ, 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತನಾಡುತ್ತಾರೆ.

ಹೆಸರು ಏಕೆ ಹಾಕಿಲ್ಲವೆಂದರೆ, ದೂರು ಕೊಟ್ಟಿದ್ದೇನೆ, ವಿಚಾರಣೆ ಬಾಕಿಯಿದೆ. ಆಸ್ಪತ್ರೆಯಿಂದ ಒಂದು ಪತ್ರ ಬಂದಿದೆ. "ಔಷಧದ ಸ್ವರೂಪವನ್ನು ರೋಗಿಗೆ ಮೌಖಿಕವಾಗಿ ತಿಳಿಸಲಾಗಿತ್ತು" ಎಂದಿದ್ದಾರೆ. ಯಾವ ದಿನ ತಿಳಿಸಿದಿರಿ, ಯಾವ ಮಾತಿನಲ್ಲಿ ತಿಳಿಸಿದಿರಿ, ತಿಳಿಸಿದ್ದರೆ "ಹೇಳಿದ್ದರೆ ತೆಗೆದುಕೊಳ್ಳುತ್ತಿದ್ದಿರಾ" ಎಂದು ಕೇಳಿದ್ದು ಏಕೆ ಎಂದು ರಿಜಿಸ್ಟರ್ಡ್ ಅಂಚೆಯಲ್ಲಿ ಕೇಳಿದ್ದೇನೆ. ಪತ್ರ ತಲುಪಿದ ರಸೀತಿ ಬಂದಿದೆ, ಉತ್ತರ ಬಂದಿಲ್ಲ. ಬಂದ ದಿನ ಇಲ್ಲಿಯೇ ಹಾಕುತ್ತೇನೆ.